ಹೃದಯದ ಕ್ಯಾಲ್ಸಿಯಂ ಬಾಗಿಲನ್ನು ಒಂದೇ ಹಾಳೆಯಲ್ಲಿ ಬರೆದು ಕಲಿಯುವ ಬಗೆ

ನನ್ನ ತಂಗಿಯ ಮಗಳು ಎಂಬಿಬಿಎಸ್ ಮೊದಲ ವರ್ಷ ಓದುತ್ತಿದ್ದಾಳೆ. ಹೋದ ತಿಂಗಳು ಬೆಂಗಳೂರಿನ ಶ್ರೀನಗರದ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಉತ್ತರ ಪತ್ರಿಕೆ ನನ್ನ ಕೈಗಿಟ್ಟಳು. "ಮಾವ, ನೋಡಿ. ಇದರಲ್ಲಿ ತಪ್ಪೇನಿದೆ?" ಗಾಬರಿಯಾದಾಗ ರಕ್ತಕ್ಕೆ ಸೇರುವ ಅಡ್ರಿನಲಿನ್ ಹಾರ್ಮೋನು ಹೃದಯದ ಕ್ಯಾಲ್ಸಿಯಂ ಚಾನೆಲ್ ಮೇಲೆ, ಅಂದರೆ ಕೋಶದ ಗೋಡೆಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲಿನ ಮೇಲೆ, ಏನು ಮಾಡುತ್ತದೆ ಎಂಬ ಐದು ಅಂಕದ ಪ್ರಶ್ನೆ. ಅವಳು ಇಂಗ್ಲಿಷಿನಲ್ಲಿ ಬರೆದ ಮೊದಲ ಸಾಲನ್ನು ಕನ್ನಡಕ್ಕೆ ತಂದರೆ ಇಷ್ಟು: ಅಡ್ರಿನಲಿನ್ ಹೋಗಿ ಹೃದಯದ ಕ್ಯಾಲ್ಸಿಯಂ ಚಾನೆಲ್‌ಗೆ ಅಂಟಿಕೊಂಡು ಅದನ್ನು ತೆರೆಯುತ್ತದೆ. ಮೇಡಂ ಅದರ ಕೆಳಗೆ ಕೆಂಪು ಗೆರೆ ಎಳೆದು ಎರಡು ಅಂಕ ಕೊಟ್ಟಿದ್ದರು.

ಮೇಡಂ ಮಾಡಿದ್ದು ಸರಿ. ಆ ಒಂದು ಸಾಲಿನಲ್ಲಿ ಎರಡು ತಪ್ಪಿವೆ. ಅಡ್ರಿನಲಿನ್ ಆ ಚಾನೆಲ್ ಅನ್ನು ಮುಟ್ಟುವುದೇ ಇಲ್ಲ. ಅದನ್ನು ತೆರೆಯುವುದೂ ಅಡ್ರಿನಲಿನ್ ಅಲ್ಲ.

ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಫಿಸಿಯಾಲಜಿ ಲ್ಯಾಬಿನಲ್ಲಿ 31 ವರ್ಷ ಟೆಕ್ನೀಷಿಯನ್ ಆಗಿದ್ದೆ. ಹೃದಯದ ಬಡಿತವನ್ನು ಸೂಜಿಯಿಂದ ಗೆರೆಯಾಗಿ ಬರೆಯುವ ತಿರುಗುವ ಡ್ರಮ್ಮಿಗೆ ಕಾಗದ ಸುತ್ತಿ ದೀಪದ ಹೊಗೆ ಹಿಡಿಸುವುದು, ಕಪ್ಪೆಯ ಹೃದಯಕ್ಕೆ ಹಾಕುವ ದ್ರಾವಣ ಕಲಸುವುದು, ಗೆರೆ ಮೂಡಿದ ಕಾಗದವನ್ನು ಅರಗಿನ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸುವುದು, ಇದು ನನ್ನ ಕೆಲಸ. ಪಾಠ ಮಾಡಿದ್ದು ಪ್ರೊಫೆಸರುಗಳು. ಗೋಡೆಗೆ ಒರಗಿ ನಿಂತು ಅದೇ ಪಾಠವನ್ನು ವರ್ಷಕ್ಕೊಂದು ಸಲ ಕೇಳಿದವನು ನಾನು. ಈಗ ಅದೆಲ್ಲ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತದೆ. ಕಪ್ಪೆಗಳ ಪಾಲಿಗೆ ಒಳ್ಳೆಯದೇ ಆಯಿತು.

ಅವತ್ತು ಅವಳಿಗೆ ಕೂರಿಸಿ ಹೇಳಿಕೊಟ್ಟ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಅಡ್ಡ ಇಟ್ಟುಕೊಳ್ಳಿ. ಮೂರು ಪೆನ್ನು ಬೇಕು. ನೀಲಿ ಕ್ಯಾಲ್ಸಿಯಂಗೆ, ಕೆಂಪು ಸಂದೇಶಕ್ಕೆ. ಹಸಿರು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಸೆಕೆಂಡ್ ಮುಳ್ಳಿರುವ ಗಡಿಯಾರ ಒಂದಿರಲಿ. ಪುಸ್ತಕ ಮುಚ್ಚಿಡಿ.

ಮೊದಲು ಬಚ್ಚಲಿನ ಬಕೆಟ್ ನೋಡಿ

ಬೋರ್‌ವೆಲ್ ನೀರು ಬಳಸುವ ಮನೆಯಾದರೆ ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟಿರುತ್ತದೆ. ಗೀಸರ್ ಕಾಯಿಲ್ ಮೇಲೂ ಅದೇ. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಮನೆಯಲ್ಲಿ ಅದನ್ನು ಉಜ್ಜಿ ಉಜ್ಜಿ ಸಾಕಾಗಿದೆ. ಆದರೆ ಹೃದಯ ಬಡಿಯಲು ಕ್ಯಾಲ್ಸಿಯಂ ಬೇಕು ಅಂತ ಜಗತ್ತಿಗೆ ಗೊತ್ತಾಗಿದ್ದು ಇಂಥದ್ದೇ ನಲ್ಲಿ ನೀರಿನಿಂದ.

1880ರ ದಶಕದ ಲಂಡನ್. ಸಿಡ್ನಿ ರಿಂಗರ್ ಎಂಬ ಡಾಕ್ಟರ್ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಬಡಿಯುವಂತೆ ಇಡುತ್ತಿದ್ದರು. ಚೆನ್ನಾಗಿಯೇ ಬಡಿಯುತ್ತಿತ್ತು. ಆಮೇಲೆ ನೋಡಿದರೆ ಆ ಉಪ್ಪುನೀರನ್ನು ಕಲಸಿದ್ದು ಭಟ್ಟಿ ಇಳಿಸಿದ ನೀರಿನಲ್ಲಲ್ಲ, ನಲ್ಲಿ ನೀರಿನಲ್ಲಿ. ಶುದ್ಧ ನೀರಿನಲ್ಲಿ ಕಲಸಿದರೆ ಹೃದಯ ಸೋತು ನಿಂತುಬಿಡುತ್ತಿತ್ತು. ನಲ್ಲಿ ನೀರಿನ ಕ್ಯಾಲ್ಸಿಯಂ ಆ ಕೆಲಸ ಮಾಡುತ್ತಿತ್ತು. 1883ರಲ್ಲಿ ಅವರೇ ತಮ್ಮ ಹಿಂದಿನ ಬರಹವನ್ನು ತಿದ್ದಿ ಬರೆದರು. ಇದೆಲ್ಲ ಅವರ ಲ್ಯಾಬ್ ಸಹಾಯಕ ಮಾಡಿದ ಎಡವಟ್ಟು ಎನ್ನುತ್ತಾರೆ. ನನಗೆ ಆ ಸಹಾಯಕನ ಮೇಲೆ ತುಂಬ ಪ್ರೀತಿ. ಅವನ ಲ್ಯಾಬಿಗೆ ಇಲ್ಲಿನ ಅಪಾರ್ಟ್‌ಮೆಂಟ್‌ಗಳಂತೆ ಸಾಫ್ಟನರ್ ಹಾಕಿದ್ದರೆ ಏನು ಗತಿ? ಸಾಫ್ಟನರ್ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಆ ಕಪ್ಪೆ ಹೃದಯ ಮೊದಲ ದಿನವೇ ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ಆರ್‌ಎಲ್ ಬಾಟಲಿ ಅಂತ ಏರಿಸುತ್ತಾರಲ್ಲ, ರಿಂಗರ್ ಲ್ಯಾಕ್ಟೇಟ್, ಅದರಲ್ಲಿರುವುದು ಇದೇ ರಿಂಗರ್ ಹೆಸರು.

ನಾನೂ ಒಂದು ಎಡವಟ್ಟು ಮಾಡಿದ್ದೇನೆ. ಕಪ್ಪೆಯ ರಿಂಗರ್ ದ್ರಾವಣಕ್ಕೆ ಲೀಟರಿಗೆ ಆರೂವರೆ ಗ್ರಾಂ ಉಪ್ಪು, ಚೂರು ಪೊಟ್ಯಾಸಿಯಂ ಕ್ಲೋರೈಡ್, ಚೂರು ಅಡುಗೆ ಸೋಡ. ಕ್ಯಾಲ್ಸಿಯಂ ಕ್ಲೋರೈಡ್ ಬರೀ 0.12 ಗ್ರಾಂ, ಒಂದು ಚಿಟಿಕೆಗೂ ಕಮ್ಮಿ. ಅದನ್ನು ಕೊನೆಗೆ, ನೀರು ಪೂರ್ತಿ ತುಂಬಿದ ಮೇಲೆ ಹಾಕಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವಸರದಲ್ಲಿ ಸೋಡ ಮತ್ತು ಕ್ಯಾಲ್ಸಿಯಂ ಎರಡನ್ನೂ ಸ್ವಲ್ಪ ನೀರಿನಲ್ಲಿ ಒಟ್ಟಿಗೆ ಕಲಸಿದೆ. ಹಾಲಿನಂತೆ ಬೆಳ್ಳಗಾಯಿತು. ನಾನು ಜಾಣ, ಅದನ್ನು ಸೋಸಿ ತಿಳಿ ನೀರನ್ನು ಎಲ್ಲ ಟೇಬಲ್‌ಗೂ ಹಂಚಿದೆ! ಸೋಸಿದ್ದು ಏನನ್ನು? ಕ್ಯಾಲ್ಸಿಯಂ ಅನ್ನೇ. ಬಕೆಟ್ಟಿನಲ್ಲಿ ಕಟ್ಟುವ ಅದೇ ಬಿಳಿ ಪೊರೆ. ಹತ್ತು ನಿಮಿಷದಲ್ಲಿ ಎಲ್ಲ ಡ್ರಮ್ಮುಗಳ ಮೇಲೂ ಗೆರೆ ಕುಳ್ಳಗಾಗುತ್ತಾ ಬಂತು. ಹುಡುಗರು ಕಪ್ಪೆ ಸರಿಯಿಲ್ಲ ಅಂದರು. ಪ್ರೊಫೆಸರ್ ಸೋಸಿದ ಕಾಗದವನ್ನು ಎತ್ತಿ ನೋಡಿ, "ಹೃದಯ ಇಲ್ಲಿದೆ ನೋಡಪ್ಪ" ಅಂದರು.

ಒಂದು ಮಾತು ಸೇರಿಸಬೇಕು. ಕಪ್ಪೆಯ ಹೃದಯಕ್ಕೆ ಇಷ್ಟು ಬೇಗ ಏಟು ಬಿದ್ದದ್ದಕ್ಕೆ ಕಾರಣವಿದೆ. ಅದರ ಜೀವಕೋಶಗಳ ಒಳಗೆ ಕ್ಯಾಲ್ಸಿಯಂ ಉಗ್ರಾಣ ಬಹಳ ಚಿಕ್ಕದು. ಹೊರಗಿನಿಂದ ಬರುವುದನ್ನೇ ನೆಚ್ಚಿಕೊಂಡಿರುತ್ತದೆ. ನಮ್ಮ ಹೃದಯ ಹಾಗಲ್ಲ, ಅದಕ್ಕೆ ಒಳಗೇ ದೊಡ್ಡ ಉಗ್ರಾಣವಿದೆ. ಹಾಳೆಯಲ್ಲಿ ಈಗ ಬರೆಯುವುದು ನಮ್ಮ ಹೃದಯದ ಕೋಶ.

ಕಲ್ಯಾಣ ಮಂಟಪದ ಊಟದ ಹಾಲ್

ಹಾಳೆಯ ನಡುವೆ ಒಂದು ಉದ್ದನೆಯ ಡಬ್ಬ ಎಳೆಯಿರಿ. ಅದು ಹೃದಯದ ಸ್ನಾಯುಕೋಶ. ಡಬ್ಬದ ಹೊರಗೆ ನೀಲಿ ಚುಕ್ಕೆಗಳನ್ನು ಒತ್ತೊತ್ತಾಗಿ ಇಡಿ. ಒಳಗೆ ಒಂದೆರಡು ಸಾಕು. ಹೃದಯ ಬಿಡುವಿನಲ್ಲಿರುವಾಗ ಕೋಶದ ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ಮದುವೆ ಮನೆಯ ಊಟದ ಹಾಲ್ ಹೊರಗೆ ಜನ ನಿಂತಿರುತ್ತಾರಲ್ಲ, ಹಾಗೆ.

ಡಬ್ಬದ ಗೋಡೆಯಲ್ಲಿ ಒಂದು ಬಾಗಿಲು ಬಿಡಿಸಿ. ಇದು ಎಲ್ ಟೈಪ್ ಕ್ಯಾಲ್ಸಿಯಂ ಚಾನೆಲ್. ಹೃದಯದ ಸ್ನಾಯುವಿನಲ್ಲಿ ಮುಖ್ಯವಾದದ್ದರ ಹೆಸರು ಕ್ಯಾವ್ 1.2. ಬಾಗಿಲು ತೆರೆಯುವುದು ಗಂಟೆ ಹೊಡೆದಾಗ ಮಾತ್ರ. ಗಂಟೆ ಅಂದರೆ ವಿದ್ಯುತ್ತು. ಬಿಡುವಿನಲ್ಲಿ ಕೋಶದ ಒಳಗೆ ಸುಮಾರು ಮೈನಸ್ 90 ಮಿಲಿವೋಲ್ಟ್ ಇರುತ್ತದೆ. ಬಡಿತದ ಅಲೆ ಬಂದು ಅದು ಮೈನಸ್ 40ರ ಆಸುಪಾಸಿಗೆ ಏರಿದಾಗ ಈ ಬಾಗಿಲುಗಳು ತೆರೆಯತೊಡಗುತ್ತವೆ. ಅದಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರದ ಕೆಲವೇ ಪಾಲು. ಯಾವ ಹಾರ್ಮೋನೂ ಬೇಕಿಲ್ಲ. ನೀವು ಮಲಗಿ ನಿದ್ದೆ ಮಾಡುವಾಗಲೂ ನಿಮಿಷಕ್ಕೆ 60, 70 ಸಲ ಈ ಗಂಟೆ ಹೊಡೆಯುತ್ತಲೇ ಇರುತ್ತದೆ.

ಬಾಗಿಲಿನ ಎದುರಿಗೇ, ಒಳಗೆ, ಇನ್ನೊಂದು ಕೋಣೆ ಬರೆಯಿರಿ. ಇದು ಉಗ್ರಾಣ. ಹೊರಗಿನಿಂದ ಬಂದ ಮೊದಲ ನಾಲ್ಕು ಜನರನ್ನು ನೋಡಿ ಉಗ್ರಾಣದವನು ತನ್ನ ಬಾಗಿಲನ್ನೂ ತೆಗೆದುಬಿಡುತ್ತಾನೆ. ಆ ಒಳ ಬಾಗಿಲಿಗೆ ರಯನೋಡಿನ್ ರಿಸೆಪ್ಟರ್ ಎಂದು ಹೆಸರು. ಮನುಷ್ಯರ ಹೃದಯದಲ್ಲಿ ಒಂದು ಬಡಿತಕ್ಕೆ ಬೇಕಾದ ಕ್ಯಾಲ್ಸಿಯಂನ ದೊಡ್ಡ ಪಾಲು ಬರುವುದು ಈ ಉಗ್ರಾಣದಿಂದಲೇ. ಹೊರಗಿನಿಂದ ಬರುವುದು ಕಮ್ಮಿ, ಆದರೆ ಕಿಡಿ ಹೊತ್ತಿಸುವುದು ಅದೇ. ಬಂದ ಕ್ಯಾಲ್ಸಿಯಂ ಸ್ನಾಯುವಿನ ಎಳೆಗಳಲ್ಲಿರುವ ಟ್ರೊಪೊನಿನ್ ಎಂಬ ಪ್ರೋಟೀನಿಗೆ ಅಂಟಿತು, ಹೃದಯ ಹಿಂಡಿತು. ಅದು ಒಂದು ಪಂಕ್ತಿ ಊಟ.

ಸಂದೇಶ ತಂದವನು ಒಳಗೆ ಬರುವುದಿಲ್ಲ

ಈಗ ಕೆಂಪು ಪೆನ್ನು. ಗೋಡೆಯ ಇನ್ನೊಂದು ಕಡೆ, ಬಾಗಿಲಿನಿಂದ ಸ್ವಲ್ಪ ದೂರ, ಒಂದು ಕಾಲಿಂಗ್ ಬೆಲ್ ಬರೆಯಿರಿ. ಅದು ಬೀಟಾ ರಿಸೆಪ್ಟರ್. ಅಡ್ರಿನಲಿನ್ ಬಂದು ಈ ಬೆಲ್ ಒತ್ತುತ್ತದೆ, ಅಷ್ಟೇ. ಹೊಸ್ತಿಲು ದಾಟುವುದಿಲ್ಲ. ಹೃದಯದ ನರದ ತುದಿಯಿಂದ ಸುರಿಯುವ ನಾರ್ ಅಡ್ರಿನಲಿನ್ ಮಾಡುವುದೂ ಇದನ್ನೇ.

ಬೆಲ್ ಆದ ಮೇಲೆ ಒಳಗೆ ಓಡಾಟ ಶುರು. ಸಂದೇಶ ಒಬ್ಬರಿಂದ ಒಬ್ಬರಿಗೆ ದಾಟುವ ಕಡೆಯೆಲ್ಲ ಕೆಂಪು ಬಾಣ ಹಾಕುತ್ತಾ ಹೋಗಿ. ಬೆಲ್ಲಿನ ಹಿಂದೆ ಕೂತ ಜಿ ಪ್ರೋಟೀನ್ ಎದ್ದು ಪಕ್ಕದ ಅಡಿನೈಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ತಟ್ಟುತ್ತದೆ. ಆ ಕಿಣ್ವ ಕೋಶದ ಶಕ್ತಿಯ ಅಣುವಾದ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ಮಾಡುತ್ತದೆ. ಮದುವೆ ಮನೆಯಲ್ಲಿ ಅಲ್ಲಿಂದಿಲ್ಲಿಗೆ ಸುದ್ದಿ ಮುಟ್ಟಿಸುವ ಹುಡುಗರಿರುತ್ತಾರೆ ನೋಡಿ, ಈ ಸೈಕ್ಲಿಕ್ ಎಎಂಪಿ ಅಂಥ ಹುಡುಗ. ಅವನನ್ನು ಕಂಡುಹಿಡಿದ ಅರ್ಲ್ ಸದರ್ಲೆಂಡ್‌ಗೆ 1971ರಲ್ಲಿ ನೊಬೆಲ್ ಬಂತು. ಹುಡುಗ ಓಡಿ ಪಿಕೆಎ (ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವ) ಎಂಬ ಮೇಸ್ತ್ರಿಯನ್ನು ಎಬ್ಬಿಸುತ್ತಾನೆ. ಪಿಕೆಎ ಕೆಲಸ ಒಂದೇ. ಅಲ್ಲಲ್ಲಿ ಫಾಸ್ಫೇಟ್ ಚೀಟಿ ಅಂಟಿಸಿಕೊಂಡು ಹೋಗುವುದು.

ಇಷ್ಟು ಜನರ ಕೈ ದಾಟಬೇಕು ಅನ್ನುವುದನ್ನು ನಾನು ಪುಸ್ತಕಕ್ಕಿಂತ ಮೊದಲು ಡ್ರಮ್ಮಿನ ಮೇಲೆ ನೋಡಿದೆ. ಕಪ್ಪೆಯ ಹೃದಯಕ್ಕೆ ಅಡ್ರಿನಲಿನ್ ಹನಿ ಬಿದ್ದ ಕ್ಷಣವೇ ಗೆರೆ ಏರುವುದಿಲ್ಲ. ಕೆಲವು ಬಡಿತ ಹಾಗೇ ಹೋಗುತ್ತವೆ. ಹುಡುಗರು ಅವಸರ ಪಟ್ಟು ಇನ್ನೊಂದು ಹನಿ ಹಾಕಿಬಿಡುತ್ತಿದ್ದರು. ಆಮೇಲೆ ಗೆರೆ ಏರುವ ರಭಸಕ್ಕೆ ಸೂಜಿ ಕಾಗದದ ಅಂಚಿಗೆ ಹೋಗುತ್ತಿತ್ತು. ಆ ತಡವೇ ರಿಲೇ ಓಟದ ಗುರುತು.

ಇನ್ನು ಮುಖ್ಯ ಜಾಗ. ಚೀಟಿ ಅಂಟುವುದು ಯಾರಿಗೆ? ನಾನು ಕೇಳಿದ ಪಾಠದಲ್ಲೆಲ್ಲ ಉತ್ತರ ಒಂದೇ ಇತ್ತು: ಬಾಗಿಲಿಗೇ. ಪಿಕೆಎ ಚಾನೆಲ್‌ಗೇ ಫಾಸ್ಫೇಟ್ ಅಂಟಿಸುತ್ತದೆ, ಅದು ಸಲೀಸಾಗಿ ತೆರೆಯುತ್ತದೆ. ಆದರೆ ಇಲಿಗಳಲ್ಲಿ ಚಾನೆಲ್ ಮೇಲೆ ಚೀಟಿ ಅಂಟುವ ಜಾಗಗಳನ್ನೆಲ್ಲ ಅಳಿಸಿ ನೋಡಿದರೂ ಅಡ್ರಿನಲಿನ್ ಥರದ ಮದ್ದಿಗೆ ಕ್ಯಾಲ್ಸಿಯಂ ಏರುತ್ತಲೇ ಇತ್ತು! 2020ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಕಾರಣ ತೋರಿಸಿತು. ಬಾಗಿಲಿಗೆ ಒರಗಿ ನಿಂತವನು ಒಬ್ಬನಿದ್ದಾನೆ. ರ‍್ಯಾಡ್ ಎಂಬ ಚಿಕ್ಕ ಪ್ರೋಟೀನ್. ಚಾನೆಲ್‌ನ ಬೀಟಾ ಭಾಗವನ್ನು (ಇದು ಬೀಟಾ ರಿಸೆಪ್ಟರ್ ಅಲ್ಲ) ಹಿಡಿದುಕೊಂಡು, ಗಂಟೆ ಹೊಡೆದರೂ ಬಾಗಿಲು ಸುಲಭವಾಗಿ ತೆರೆಯದಂತೆ ತಡೆಯುತ್ತಾನೆ. ಪಿಕೆಎ ಚೀಟಿ ಅಂಟಿಸುವುದು ಇವನಿಗೆ. ಚೀಟಿ ಬಿದ್ದರೆ ಇವನು ಪಕ್ಕಕ್ಕೆ ಸರಿಯುತ್ತಾನೆ.

ನನ್ನ ತಂಗಿ ಮಗಳ ಸಾಲು ಎಲ್ಲಿ ತಪ್ಪಿತು ಅಂತ ಈಗ ಕಾಣುತ್ತದೆ ಅಲ್ವಾ? ಗಂಟೆ ಹೊಡೆಯುವುದು ವಿದ್ಯುತ್ತೇ. ಹಾರ್ಮೋನು ಮಾಡುವುದು ಒರಗಿ ನಿಂತವನನ್ನು ಸರಿಸುವ ಕೆಲಸ. ಬಾಗಿಲು ಅಗಲವೂ ಆಗುವುದಿಲ್ಲ. ಒಂದೊಂದು ಚಾನೆಲ್ ಮೂಲಕ ಹರಿಯುವ ಕರೆಂಟ್ ಮೊದಲಿನಷ್ಟೇ ಇರುತ್ತದೆ. ಗಂಟೆ ಹೊಡೆದಾಗ ಜಾಸ್ತಿ ಬಾಗಿಲುಗಳು ತೆರೆಯುತ್ತವೆ, ಮತ್ತೆ ಮತ್ತೆ ತೆರೆಯುತ್ತವೆ. ಎಲ್ಲ ಸೇರಿ ಕರೆಂಟ್ ಎರಡು ಮೂರು ಪಟ್ಟಾಗುವುದುಂಟು.

ಪರೀಕ್ಷೆಗೆ ಏನು ಬರೆಯಬೇಕು? ನಿಮ್ಮ ಪಠ್ಯಪುಸ್ತಕದಲ್ಲಿ ಹಳೆಯ ಚಿತ್ರವೇ ಇರಬಹುದು. "ಪಿಕೆಎ ಫಾಸ್ಫೇಟ್ ಅಂಟಿಸುವುದರಿಂದ ಚಾನೆಲ್ ತೆರೆದಿರುವ ಸಂಭವ ಹೆಚ್ಚುತ್ತದೆ" ಎಂದು ಬರೆಯಿರಿ. ಇದು ಹಳೆಯದಕ್ಕೂ ಹೊಸದಕ್ಕೂ ಹೊಂದುತ್ತದೆ. ರ‍್ಯಾಡ್ ಹೆಸರನ್ನು ಕೊನೆಯಲ್ಲಿ ಒಂದು ಸಾಲು ಸೇರಿಸಿ. ವಾದಕ್ಕೆ ಇಳಿಯಬೇಡಿ.

ಎಲೆ ಬೇಗ ಎತ್ತಬೇಕು

ಇದನ್ನು ಮಕ್ಕಳು ಯಾವಾಗಲೂ ಬಿಟ್ಟುಬಿಡುತ್ತಾರೆ. ಜನ ಜಾಸ್ತಿಯಾದ ಮದುವೆಯಲ್ಲಿ ಬಾಗಿಲು ತೆಗೆದರಷ್ಟೇ ಆಯಿತೇ? ಹಿಂದಿನ ಪಂಕ್ತಿಯ ಎಲೆ ಎತ್ತಿ, ಟೇಬಲ್ ಒರೆಸಿ ಮುಗಿಸದಿದ್ದರೆ ಮುಂದಿನ ಪಂಕ್ತಿ ಕೂರುವುದೆಲ್ಲಿ? ಹೃದಯವೂ ಹಾಗೆ. ಬಡಿತ ಜೋರಾದರೆ ಎರಡು ಬಡಿತದ ನಡುವಿನ ಬಿಡುವು ಕಮ್ಮಿ. ಆ ಬಿಡುವಿನಲ್ಲೇ ಹೃದಯದ ಕೋಣೆಗೆ ರಕ್ತ ತುಂಬಬೇಕು. ತುಂಬಬೇಕಾದರೆ ಸ್ನಾಯು ಸಡಿಲವಾಗಬೇಕು. ಸಡಿಲವಾಗಬೇಕಾದರೆ ಕ್ಯಾಲ್ಸಿಯಂ ಜಾಗ ಖಾಲಿ ಮಾಡಬೇಕು.

ಎಲೆ ಎತ್ತುವ ಪಂಪಿನ ಹೆಸರು ಸರ್ಕಾ. ಅದು ಕ್ಯಾಲ್ಸಿಯಂ ಅನ್ನು ಉಗ್ರಾಣಕ್ಕೆ ವಾಪಸ್ಸು ತಳ್ಳುತ್ತದೆ. ಇದಕ್ಕೂ ಒಬ್ಬ ಅಡ್ಡಗಾಲು ಇದ್ದಾನೆ, ಫಾಸ್ಫೊಲ್ಯಾಂಬನ್. ಪಿಕೆಎ ಅವನಿಗೂ ಚೀಟಿ ಅಂಟಿಸುತ್ತದೆ, ಅವನೂ ಸರಿಯುತ್ತಾನೆ. ಪಂಪ್ ಚುರುಕಾಗುತ್ತದೆ. ಬಿಗಿಯುವುದನ್ನೂ ಸಡಿಲಿಸುವುದನ್ನೂ ಅಡ್ರಿನಲಿನ್ ಒಂದೇ ಏಟಿಗೆ ಚುರುಕು ಮಾಡುವುದು ಹೀಗೆ. ಉಗ್ರಾಣ ಬೇಗ ತುಂಬಿದ್ದರಿಂದ ಮುಂದಿನ ಬಡಿತಕ್ಕೆ ಸರಕೂ ಜಾಸ್ತಿ. ಬಾಗಿಲಿನ ಕೆಲಸ ತಡೆಯುವವನನ್ನು ಸರಿಸಿದಾಗ ಹೆಚ್ಚಿತು, ಪಂಪಿನ ಕೆಲಸವೂ ತಡೆಯುವವನನ್ನು ಸರಿಸಿದಾಗ ಹೆಚ್ಚಿತು. ಹಾಳೆಯಲ್ಲಿ ಎರಡಕ್ಕೂ ಒಂದೇ ಥರದ ಮನುಷ್ಯನ ಚಿತ್ರ ಬರೆಯಿರಿ. ನೆನಪಿರುತ್ತದೆ.

ಬ್ರೇಕ್: ನಾಡಿ ಹಿಡಿದು ನೋಡಿ

ಗಡಿಯಾರ ತೆಗೆಯಿರಿ. ಮುಂಗೈ ಮೇಲೆ ನಾಡಿ ಹಿಡಿದು ಆರು ಎಣಿಸುವವರೆಗೆ ಉಸಿರು ಎಳೆಯಿರಿ, ಆರು ಎಣಿಸುವವರೆಗೆ ಬಿಡಿ. ಎಳೆಯುವಾಗ ನಾಡಿ ಸ್ವಲ್ಪ ಬೇಗ, ಬಿಡುವಾಗ ನಿಧಾನ. ನನ್ನ ತಂಗಿ ಮಗಳ ಕೈಯಲ್ಲಿ ಚೆನ್ನಾಗಿ ಗೊತ್ತಾಯಿತು. ನನ್ನದರಲ್ಲಿ ಅಷ್ಟಾಗಿ ಇಲ್ಲ. ವಯಸ್ಸಾದಂತೆ ಅದು ಕಮ್ಮಿಯಾಗುತ್ತದೆ. ಉಸಿರು ಬಿಡುವಾಗ ನಿಧಾನ ಮಾಡುವುದು ಮೆದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ. ಅದು ಸುರಿಯುವ ಅಣು ಅಸಿಟೈಲ್‌ಕೊಲಿನ್.

ಇದನ್ನು ತೋರಿಸಿದವರು ಆಸ್ಟ್ರಿಯಾದ ಗ್ರಾಜ್ ಊರಿನ ಆಟೊ ಲೋವಿ, 1921ರಲ್ಲಿ ವರದಿ ಮಾಡಿದರು. ಒಂದು ಕಪ್ಪೆ ಹೃದಯದ ವೇಗಸ್ ನರಕ್ಕೆ ಕರೆಂಟ್ ಕೊಟ್ಟು ನಿಧಾನ ಮಾಡಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ನರ ಮುಟ್ಟಿರಲೇ ಇಲ್ಲ, ದ್ರವದಲ್ಲಿದ್ದ ಅಣುವೇ ಕೆಲಸ ಮಾಡಿತು. ಈ ಪ್ರಯೋಗದ ಉಪಾಯ ಕನಸಿನಲ್ಲಿ ಹೊಳೆದಿದ್ದು ಎಂದು ಅವರೇ ಹೇಳಿಕೊಂಡಿದ್ದಾರೆ.

ಹಾಳೆಯಲ್ಲಿ ಅಸಿಟೈಲ್‌ಕೊಲಿನ್ ಒತ್ತುವ ಇನ್ನೊಂದು ಬೆಲ್ ಬರೆಯಿರಿ, ಎಂ2 ರಿಸೆಪ್ಟರ್. ಇದರ ಹಿಂದಿನ ಜಿ ಪ್ರೋಟೀನ್ ಬೇರೆ ಜಾತಿಯದು. ಇದು ಹುಡುಗನನ್ನು ತಯಾರಿಸುವ ಕಿಣ್ವವನ್ನು ಸುಮ್ಮನಾಗಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಹೃದಯದ ಕೆಳಕೋಣೆಯ ಸ್ನಾಯುವಿನಲ್ಲಿ ಅಡ್ರಿನಲಿನ್ ಇಲ್ಲದಿರುವಾಗ ಅಸಿಟೈಲ್‌ಕೊಲಿನ್ ಒಂದೇ ಬಂದರೆ ಕ್ಯಾಲ್ಸಿಯಂ ಮೇಲೆ ದೊಡ್ಡ ಪರಿಣಾಮವಿಲ್ಲ. ಓಡಾಡುವ ಹುಡುಗರೇ ಇಲ್ಲದಾಗ ಯಾರನ್ನು ನಿಲ್ಲಿಸುವುದು? ಅಡ್ರಿನಲಿನ್ ಏರಿರುವಾಗ ಬಂದರೆ ಮಾತ್ರ ಬ್ರೇಕ್ ಸರಿಯಾಗಿ ಹಿಡಿಯುತ್ತದೆ. ಬಡಿತ ಹುಟ್ಟುವ ಜಾಗದಲ್ಲಿ ಹಾಗಲ್ಲ. ಅಲ್ಲಿ ಈ ಜಿ ಪ್ರೋಟೀನಿನ ತುಂಡೊಂದು ನೇರವಾಗಿ ಪೊಟ್ಯಾಸಿಯಂ ಬಾಗಿಲನ್ನು ತೆರೆದು ಬೇಗ ನಿಧಾನ ಮಾಡಿಬಿಡುತ್ತದೆ. ನಿಮ್ಮ ನಾಡಿಯಲ್ಲಿ ಗೊತ್ತಾದದ್ದು ಹೆಚ್ಚಾಗಿ ಈ ಜಾಗದ ಆಟ. ಎರಡನ್ನೂ ಒಂದೇ ಬಾಣದಲ್ಲಿ ಬರೆಯಬೇಡಿ.

ಉಳಿದವರು

ಅಡಿನೊಸಿನ್. ಕೋಶಕ್ಕೆ ಶಕ್ತಿ ಸಾಲದೆ ಬಂದಾಗ ತಾನೇ ಹೊರಗೆ ಬಿಡುವ ಅಣು. ಬ್ರೇಕ್ ಕಡೆಯ ಬೆಲ್ ಒತ್ತುತ್ತದೆ. ಕೆಲವು ಬಗೆಯ ವಿಪರೀತ ಬಡಿತವನ್ನು ನಿಲ್ಲಿಸಲು ಡಾಕ್ಟರು ಇದನ್ನೇ ರಕ್ತನಾಳಕ್ಕೆ ರಭಸದಿಂದ ಕೊಡುತ್ತಾರೆ, ಹಿಂದೆಯೇ ಸಲೈನ್ ತಳ್ಳುತ್ತಾರೆ. ರಕ್ತದಲ್ಲಿ ಅದರ ಆಯಸ್ಸು ಕೆಲವೇ ಸೆಕೆಂಡು. ಗಾಂಧಿಬಜಾರಿನಲ್ಲಿ ಕುಡಿಯುವ ಕಾಫಿಯ ಕೆಫೀನ್ ಹೋಗಿ ಕೂರುವುದು ಇದೇ ಅಡಿನೊಸಿನ್ ಬೆಲ್ ಮೇಲೆ. ಒತ್ತುವುದಿಲ್ಲ, ಬೇರೆಯವರು ಒತ್ತದಂತೆ ತಡೆಯುತ್ತದೆ.

ನೈಟ್ರಿಕ್ ಆಕ್ಸೈಡ್ ಒಂದು ಅನಿಲ. ಅದಕ್ಕೆ ಬೆಲ್ ಬೇಕಿಲ್ಲ, ಗೋಡೆ ದಾಟಿ ಒಳಗೇ ಬರುತ್ತದೆ. ಸೈಕ್ಲಿಕ್ ಜಿಎಂಪಿ ಎಂಬ ಇನ್ನೊಬ್ಬ ಹುಡುಗನನ್ನು ಎಬ್ಬಿಸಿ ಸಾಮಾನ್ಯವಾಗಿ ಬಾಗಿಲ ಕಡೆಯ ನುಗ್ಗಾಟ ಕಮ್ಮಿ ಮಾಡಿಸುತ್ತದೆ. ಥೈರಾಯ್ಡ್ ಹಾರ್ಮೋನಿನದು ನಿಧಾನದ ಕೆಲಸ. ಗಂಟೆಗಟ್ಟಲೆ, ದಿನಗಟ್ಟಲೆ ತೆಗೆದುಕೊಂಡು ಬೆಲ್ಲುಗಳ ಸಂಖ್ಯೆ, ಪಂಪಿನ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ರಕ್ತನಾಳ ಬಿಗಿಸುವ ಆಂಜಿಯೊಟೆನ್ಸಿನ್, ಎಂಡೊಥೆಲಿನ್ ಇವುಗಳಿಗೆ ಒಂದು ಬಾಣ ಸಾಲದು. ಪ್ರಾಣಿ ಬದಲಾದರೆ, ಸನ್ನಿವೇಶ ಬದಲಾದರೆ ಪರಿಣಾಮವೂ ಬದಲಾಗುತ್ತದೆ. ಹಾಳೆಯ ಮೂಲೆಯಲ್ಲಿ ಹೆಸರು ಬರೆದು ಬಿಡಿ.

ಎದುರು ಮನೆಯವರ ರಾಗಿ ಮುದ್ದೆ

ಈ ಹಾಳೆ ಟೇಬಲ್ ಮೇಲಿದ್ದಾಗ ಎದುರು ಮನೆಯ ಯಜಮಾನರು ಪೇಪರ್ ತೆಗೆದುಕೊಂಡು ಹೋಗಲು ಬಂದರು. ಬಿಪಿಗೆ ಆಮ್ಲೊಡಿಪಿನ್ ತೆಗೆದುಕೊಳ್ಳುತ್ತಾರೆ. "ಅದು ಕ್ಯಾಲ್ಸಿಯಂ ಬ್ಲಾಕರ್ ಅಂತೆ. ರಾಗೀಲಿ ಕ್ಯಾಲ್ಸಿಯಂ ಜಾಸ್ತಿ. ಮುದ್ದೆ ಬಿಡಬೇಕಾ?"

ಒಳ್ಳೆಯ ಪ್ರಶ್ನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ರಕ್ತದ ಕ್ಯಾಲ್ಸಿಯಂ ಅನ್ನು ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ವಿಟಮಿನ್ ಡಿ ಬಿಗಿಯಾಗಿ ಹಿಡಿದಿಟ್ಟಿರುತ್ತವೆ. ಮುದ್ದೆ ತಿಂದ ಮಾತ್ರಕ್ಕೆ ಬಾಗಿಲ ಮುಂದೆ ಜನ ಹೆಚ್ಚುವುದಿಲ್ಲ. ಆಮ್ಲೊಡಿಪಿನ್ ಕೂರುವುದು ಬಾಗಿಲಿನ ಮೇಲೆ, ಅದೂ ಹೆಚ್ಚಾಗಿ ರಕ್ತನಾಳದ ಗೋಡೆಯ ಬಾಗಿಲುಗಳ ಮೇಲೆ. ಮುದ್ದೆ ತಿನ್ನಿ ಅಂದೆ. ಅವರು ಕೇಳಬೇಕಾಗಿದ್ದ ಹಣ್ಣು ಬೇರೆ ಇದೆ. ಗ್ರೇಪ್‌ಫ್ರೂಟ್ ರಸ ಇದೇ ಗುಂಪಿನ ಫೆಲೊಡಿಪಿನ್ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ನಮ್ಮ ದೇವನಹಳ್ಳಿ ಚಕ್ಕೋತ ಅದರ ಹತ್ತಿರದ ನೆಂಟ. ಬುಟ್ಟಿಗಟ್ಟಲೆ ತಿನ್ನುವ ಅಭ್ಯಾಸವಿದ್ದರೆ ಡಾಕ್ಟರಿಗೆ ಹೇಳಿ ಕೇಳುವುದು ಒಳ್ಳೆಯದು.

ಬೀಟಾ ಬ್ಲಾಕರ್ ಎಂಬ ಮಾತ್ರೆಗಳು ಬೇರೆ. ಅವು ಬೀಟಾ ಬೆಲ್ ಮೇಲೆ ಕೈ ಮುಚ್ಚುತ್ತವೆ. ಬಹಳ ದಿನ ಬೆಲ್ ಕೇಳದಿದ್ದಾಗ ಕೋಶ ಗೋಡೆಗೆ ಇನ್ನಷ್ಟು ಬೆಲ್ ಹಾಕಿಸಿಕೊಂಡಿರುತ್ತದೆ. ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಎಲ್ಲ ಒಟ್ಟಿಗೆ ಬಾರಿಸುತ್ತವೆ. ಅದಕ್ಕೇ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು ಎನ್ನುವುದು.

ಹಸಿರು ಪೆನ್ನು

ಈಗ ಪ್ರತಿ ಕೆಂಪು ಬಾಣದ ಪಕ್ಕದಲ್ಲೂ ಹಸಿರಿನಲ್ಲಿ ಒಂದು ಪ್ರಶ್ನೆ ಬರೆಯಿರಿ: ಇದನ್ನು ತೆಗೆಯುವವರು ಯಾರು? ನಾರ್ ಅಡ್ರಿನಲಿನ್ ಅನ್ನು ಬಹುಪಾಲು ನರದ ತುದಿಯೇ ವಾಪಸ್ಸು ಎಳೆದುಕೊಳ್ಳುತ್ತದೆ. ಅಸಿಟೈಲ್‌ಕೊಲಿನ್ ಅನ್ನು ಒಂದು ಕಿಣ್ವ ಅಲ್ಲೇ ಕತ್ತರಿಸಿ ಹಾಕುತ್ತದೆ, ಆದ್ದರಿಂದಲೇ ಉಸಿರೆಳೆದ ಕೂಡಲೇ ನಾಡಿ ಮತ್ತೆ ಏರುವುದು. ಜಿ ಪ್ರೋಟೀನ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಸೈಕ್ಲಿಕ್ ಎಎಂಪಿ ಹುಡುಗನನ್ನು ಫಾಸ್ಫೊಡೈಎಸ್ಟರೇಸ್ ಮನೆಗೆ ಕಳಿಸುತ್ತದೆ. ಅಂಟಿಸಿದ ಚೀಟಿ ಕೀಳುವುದು ಫಾಸ್ಫಟೇಸ್. ಬಾಗಿಲಿನಿಂದ ಬಂದ ಕ್ಯಾಲ್ಸಿಯಂ ಅನ್ನು ಸೋಡಿಯಂಗೆ ಬದಲಾಯಿಸಿಕೊಂಡು ಹೊರಗೆ ಹಾಕುವ ಯಂತ್ರ ಗೋಡೆಯಲ್ಲೇ ಇದೆ.

ಹಾಳೆ ಮಗುಚಿ ಹಾಕಿ, ಇನ್ನೊಂದರ ಮೇಲೆ ನೆನಪಿನಿಂದ ಬರೆಯಿರಿ. ಕೆಂಪು ಬಾಣಗಳು ಎಲ್ಲರಿಗೂ ಬರುತ್ತವೆ. ಸಿಕ್ಕಿಹಾಕಿಕೊಳ್ಳುವುದು ಹಸಿರಿನಲ್ಲಿ. ನನ್ನ ತಂಗಿ ಮಗಳು ನಿಂತದ್ದು ಫಾಸ್ಫಟೇಸ್ ಹತ್ತಿರ. ಎರಡು ಸಲ ಹೇಳಿದರೂ ಹೆಸರು ಮರೆಯುತ್ತಿತ್ತು. ಆಗ ಬೀದಿಯಲ್ಲಿ ಹಾಡು ಹಾಕಿಕೊಂಡು ಕಸದ ಆಟೋ ಬಂತು. ನಾನು ಹಸಿ ಕಸ, ಒಣ ಕಸ ಎರಡೂ ಬಕೆಟ್ ಹಿಡಿದು ಕೆಳಗಿಳಿದೆ. ವಾಪಸ್ಸು ಬಂದು ನೋಡಿದರೆ ರ‍್ಯಾಡ್ ಪಕ್ಕದಲ್ಲಿ, ಹಸಿರು ಪೆನ್ನಿನಲ್ಲಿ, ಮೂರು ಚಕ್ರದ ಒಂದು ಆಟೋ ನಿಂತಿತ್ತು.